ಬಿಸಿ ಮರಳಿನ ಮೊಟ್ಟೆ

"ತಿನಾ!" ಎಂದು ದೋಣಿಯ ಮುಂಭಾಗದಲ್ಲಿ ನಿಂತಿದ್ದ ಪೊಲೊ ಕೂಗಿದ.

"ಏನೋ?" ಎಂದಳು ಹಿಂದೆ ಕುಳಿತಿದ್ದ ಅವನ ತಾಯಿ ಕೆಸಾಯಾ. ಅವರ ದ್ವೀಪ ಸಿಕಾಯಾನಾದ ಮಾತಿನಲ್ಲಿ ತಿನಾ ಎಂದರೆ ಅಮ್ಮ.

ಅವನು ಹಿಂದಿರುಗಿ ನೋಡಲಿಲ್ಲ. ದಡದ ಕಡೆಗೆ ಎರಡೂ ಕೈ ಬೀಸುತ್ತ ಮತ್ತೊಮ್ಮೆ ಕೂಗಿದ. ಸಾವೊ ದ್ವೀಪದ ಕಪ್ಪು ಮರಳಿನ ಮೇಲಿಂದ ದಪ್ಪನೆಯ ಹೆಂಗಸೊಬ್ಬಳು ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ನೀರಿಗಿಳಿದು ಬರುತ್ತಿದ್ದಳು.

"ಬಂದ್ಯೇನೋ ಕಳ್ಳಾ! ಹೇಳ್ದೆ ಕೇಳ್ದೆ ಇಷ್ಟು ಸಣ್ಣ ಆಗಿದೀಯ!" ಎಂದು ಅವಳು ಅವನ ಬೆನ್ನಿಗೊಂದು ಗುದ್ದಿದಳು. ಆಮೇಲೆ ಕೆಸಾಯಾಳ ಕಡೆ ತಿರುಗಿ ಅವಳ ಸೊಂಟಕ್ಕೆ ಕೈ ಹಾಕಿ ದೋಣಿಯಿಂದ ಇಳಿಸಿಕೊಂಡಳು.

ಇವಳೇ ಡಾರ್ಕಸ್. ಹಿಂದಿನ ವರ್ಷ ಪೊಲೊ ರಾಜಧಾನಿ ಹೊನಿಯಾರಾದಿಂದ ಒಬ್ಬನೇ ಮೀನಿಗೆ ಹೋಗಿದ್ದಾಗ ದೋಣಿಯ ಇಂಜಿನ್ ಕೆಟ್ಟು, ವಾರಕ್ಕೂ ಹೆಚ್ಚು ಕಾಲ ಸಮುದ್ರದಲ್ಲಿ ತೇಲಿ, ಕೊನೆಗೆ ಈ ದಡಕ್ಕೆ ಬಂದು ಬಿದ್ದಿದ್ದ. ಎತ್ತಿಕೊಂಡು ಹೋಗಿ ಬದುಕಿಸಿದವಳು ಡಾರ್ಕಸ್. ಸುದ್ದಿ ರೇಡಿಯೊದಲ್ಲಿ ಸಿಕಾಯಾನಾ ತಲುಪುವ ಹೊತ್ತಿಗೆ ಕೆಸಾಯಾ ಮಗನಿಗಾಗಿ ಅತ್ತು ಮುಗಿಸಿದ್ದಳು. ಆ ದಿನವೇ ಕೇದಗೆಯ ಎಲೆ ಸೀಳಿ ಚಾಪೆ ಹೆಣೆಯಲು ಕುಳಿತಳು. ಇಷ್ಟು ವಯಸ್ಸಾದರೂ ತನ್ನ ಹವಳದ ದಿಬ್ಬವನ್ನು ಬಿಟ್ಟು ಎಲ್ಲಿಗೂ ಹೋಗದಿದ್ದವಳು, ಆ ಚಾಪೆ ಹೊತ್ತುಕೊಂಡು ಹಡಗು ಹತ್ತಿದ್ದಳು. ಡಾರ್ಕಸ್‌ಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು.

ಈಗ ಚಾಪೆಯನ್ನು ಕೊಟ್ಟಳು. ಮಾತು ಮಾತ್ರ ಹೊರಡಲಿಲ್ಲ. ಪೊಲೊ ತಿನಾ ಎಂದು ಕೂಗಿದ್ದು ಇವಳನ್ನೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸಂಜೆ ಊಟಕ್ಕೆ ಮರಗೆಣಸು, ಸುಟ್ಟ ಮೀನು, ಜೊತೆಗೆ ಅಂಗೈ ತುಂಬುವಷ್ಟು ದೊಡ್ಡ ಮೊಟ್ಟೆಗಳು. ಪೊಲೊ ಒಂದನ್ನು ಮುಗಿಸಿ, "ತಿನಾ, ಇನ್ನೊಂದು" ಎಂದು ಕೈ ಚಾಚಿದ್ದೂ ಡಾರ್ಕಸ್ ಕಡೆಗೇ. ಕೆಸಾಯಾ ಮೊಟ್ಟೆಯನ್ನು ಮೂಸಿ ಕೆಳಗಿಟ್ಟಳು. ಈ ದ್ವೀಪದ ಗುಡ್ಡ ಹೊಗೆ ಉಗುಳುತ್ತಿತ್ತು, ನೆಲದ ಬಿರುಕುಗಳಿಂದ ಗಂಧಕದ ವಾಸನೆ ಬರುತ್ತಿತ್ತು. ಮೊಟ್ಟೆಗೂ ಅದೇ ವಾಸನೆ ಇದೆ ಎನಿಸಿತು.

"ಸೇರಲ್ಲ ಅಂದ್ರೆ ಬಿಡಿ ಅಕ್ಕಾ. ಮೊದ್ಲು ಎಲ್ಲಾರೂ ಹಂಗೇ ಮುಖ ಮಾಡ್ತಾರೆ" ಎಂದಳು ಡಾರ್ಕಸ್, ದ್ವೀಪಗಳವರೆಲ್ಲ ಆಡುವ ಬೆರಕೆಮಾತು ಪಿಜಿನ್‌ನಲ್ಲಿ. ಇಬ್ಬರಿಗೂ ಬರುತ್ತಿದ್ದದ್ದು ಅದೊಂದೇ. "ಬೆಳಿಗ್ಗೆ ನನ್ಜೊತೆ ಬನ್ನಿ. ಇದನ್ನ ಇಡೋರು ಯಾರು ಅಂತ ತೋರಿಸ್ತೀನಿ."

ಬೆಳಿಗ್ಗೆ ಇಬ್ಬರೇ ಹೊರಟರು. ಪೊಲೊ ಡಾರ್ಕಸ್‌ಳ ಗಂಡನ ಜೊತೆ ಬಲೆ ಬಿಡಲು ಹೋಗಿದ್ದ. ಕಡಲ ಬದಿಯಲ್ಲಿ ಕಡ್ಡಿಬೇಲಿ ಹಾಕಿದ ಮರಳಿನ ಬಯಲು. ಅದರ ತುಂಬ ಕೋಳಿಗಾತ್ರದ ಕಪ್ಪು ಹಕ್ಕಿಗಳು. ಒಂದೊಂದೂ ತಾನು ತೋಡಿದ ಗುಂಡಿಯಲ್ಲಿ ಅರ್ಧ ಮುಳುಗಿ, ಕಾಲಿನಿಂದ ಹಿಂದಕ್ಕೆ ಮರಳೆರಚುತ್ತಿತ್ತು. ಪಕ್ಕದ ಗುಂಡಿಯವಳ ಮುಖಕ್ಕೆ ಮರಳು ಬಿದ್ದರೆ ಅವಳು ಕಿರುಚುವುದು, ಇವಳು ತಿರುಗಿ ಕಿರುಚುವುದು.

"ನಲ್ಲಿ ಹತ್ರ ನೀರಿಗೆ ನಿಂತ ಹೆಂಗಸ್ರು ಥರ" ಎಂದು ಕೆಸಾಯಾ ನಕ್ಕುಬಿಟ್ಟಳು. ಇಲ್ಲಿಗೆ ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬಿಸಿಲೇರಿದಂತೆ ಹಕ್ಕಿಗಳು ಗುಂಡಿ ಮುಚ್ಚಿ, ಭಾರವಾಗಿ ಹಾರುತ್ತ ಕಾಡಿಗೆ ಹೋದವು. ಡಾರ್ಕಸ್ ತನ್ನ ಪಾಲಿನ ಜಾಗದಲ್ಲಿ ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೂ ತೋಳನ್ನು ಮರಳಿಗೆ ಇಳಿಸಿದಳು. ಒಂದೊಂದೇ ಮೊಟ್ಟೆ ಹೊರಗೆ ಬಂತು. ಕೆಸಾಯಾ ಕೂಡ ಪಕ್ಕದಲ್ಲಿ ಮಲಗಿದಳು. ಒಳಗಿನ ಮರಳು ಬಿಸಿಯಾಗಿತ್ತು. ತನ್ನ ಊರಿನಲ್ಲಿ ಮರಳು ಬಿಸಿಲಿಗೆ ಮೇಲೆ ಕಾಯುತ್ತದೆ, ಒಳಗೆ ತಣ್ಣಗಿರುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು.

ಬೆರಳಿಗೆ ಏನೋ ತಗುಲಿತು. ಅದು ಅಲುಗಿತು.

"ಅಯ್ಯೋ, ಹಾವು!" ಎಂದು ಅವಳು ಕೈ ಕಿತ್ತುಕೊಂಡು ಎದ್ದಳು. ಮರಳು ಉಬ್ಬಿ, ಕುಸಿದು, ಮತ್ತೆ ಉಬ್ಬಿತು. ಹಕ್ಕಿಮರಿಯ ಪುಟ್ಟ ತಲೆ ಹೊರಗೆ ಬಂತು. ಕಣ್ಣಿನ ಮೇಲಿನ ಮರಳನ್ನು ಝಾಡಿಸಿಕೊಂಡು, ಏದುಸಿರು ಬಿಡುತ್ತ ಸ್ವಲ್ಪ ಹೊತ್ತು ಹಾಗೇ ಕುಳಿತಿತು. ಆಮೇಲೆ ಮೈಯನ್ನೆಲ್ಲ ಎಳೆದುಕೊಂಡು ಹೊರಬಂದು, ಇಬ್ಬರು ಹೆಂಗಸರ ನಡುವಿನಿಂದಲೇ ಕಾಡಿನ ಕಡೆಗೆ ಓಟಕಿತ್ತಿತು.

"ಹಿಡೀರಿ! ನಾಯಿಗೀಯಿ ಕಚ್ಕೊಂಡು ಹೋಗತ್ತೆ! ಇದರ ತಾಯಿ ಎಲ್ಲಿ?" ಎಂದು ಕೆಸಾಯಾ ಕೂಗಿದಳು.

"ತಾಯಿ ಮೊಟ್ಟೆ ಇಟ್ಟು ಹೋಗಿ ಎಷ್ಟು ವಾರ ಆಯ್ತೋ. ತಿರುಗಿ ನೋಡಲ್ಲ ಅವಳು."

"ಮರಿ ಮುಖಾನೂ ನೋಡಲ್ವಾ? ಥೂ, ಅವಳೆಂಥ ತಾಯಿ!"

"ಹಂಗನ್ಬೇಡಿ ಅಕ್ಕಾ" ಎಂದಳು ಡಾರ್ಕಸ್. "ನೆಲ ಬೆಚ್ಚಗಿದೆಯೋ ಇಲ್ವೋ ಅಂತ ಹತ್ತು ಕಡೆ ಕೆದಕಿ ನೋಡೇ ಇಡೋದು. ಆಮೇಲಿಂದು ನೆಲದ ಕೆಲ್ಸ."

ಕೆಸಾಯಾ ಮರಿ ಹೋದ ದಿಕ್ಕನ್ನೇ ನೋಡುತ್ತ ನಿಂತಳು. ರಾತ್ರಿಯಿಡೀ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತು ತಾನಾಗಿ ಹೊರಬಿತ್ತು. "ನನ್ನ ಮಗ ನಿಮ್ಮನ್ನ ಯಾಕೆ ತಿನಾ ಅಂತಾನೆ?"

ಡಾರ್ಕಸ್ ಮರಳಿನ ಮೇಲೆ ಕುಳಿತು ಹೊಟ್ಟೆ ಕುಲುಕುವಂತೆ ನಕ್ಕಳು. "ಅವನೊಬ್ನೇನಾ? ಊರಿಗೂರೇ ಕರೆಯತ್ತೆ. ನನ್ನ ಗಂಡ ಕರೀತಾನೆ, ಪಾದ್ರಿನೂ ಕರೀತಾರೆ! ಯಾಕೆ, ಅವ್ನು ನಿಮಗೆ ಹೇಳಿಲ್ವಾ?"

"ಇಲ್ಲ."

"ನಾಚ್ಕೆ ಕಳ್ಳನಿಗೆ." ಅವಳ ನಗು ನಿಧಾನಕ್ಕೆ ಇಳಿಯಿತು. "ತಂದು ಮಲಗಿಸಿದಾಗ ಕಣ್ಣೇ ಬಿಡ್ತಿರ್ಲಿಲ್ಲ ಅಕ್ಕಾ. ತುಟಿ ಎಲ್ಲಾ ಒಡೆದು ರಕ್ತ. ತಿನಾ, ತಿನಾ ಅಂತ ಒಂದೇ ಸಮ. ನಮಗೇನು ಗೊತ್ತು ನಿಮ್ಮ ಭಾಷೆ? ನೀರು ಕೇಳ್ತಿದಾನೆ ಅಂತ ಎಳನೀರು ಬಿಟ್ಟೆ. ಕುಡಿದ, ಮತ್ತೆ ತಿನಾ. ಹಸಿವಿರ್ಬೇಕು ಅಂತ ಈ ಮೊಟ್ಟೆ ಹಳದೀನ ಬೆರಳಲ್ಲಿ ನಾಲಿಗೆಗೆ ಹಚ್ಚಿದೆ. ನುಂಗಿದ, ಮತ್ತೆ ತಿನಾ. ಚಳಿ ಅಂತ ಹೊದಿಸ್ದೆ. ಏನು ಮಾಡಿದ್ರೂ ಅದೇ. ಕೊನೆಗೆ ಹುಡುಗೀರ ಹೆಸರಿರ್ಬೇಕು ಅಂತ, ಹೂಂ ಕಣೋ, ಇಲ್ಲೇ ಇದೀನಿ ಅಂದ್ಬಿಟ್ಟೆ. ಆಗ ಮಲಗಿದ ನೋಡಿ."

ಕೆಸಾಯಾ ಅವಳ ಪಕ್ಕದಲ್ಲಿ ಮರಳಿನ ಮೇಲೆ ಕುಳಿತಳು.

"ಎದ್ದು ಕೂತ್ಮೇಲೆ ಕೇಳ್ದೆ, ಯಾರಪ್ಪಾ ಆ ತಿನಾ, ನಿನ್ನ ಹುಡುಗೀನಾ ಅಂತ. ನಮ್ಮಮ್ಮ ಅಂದು ಮುಖ ಮುಚ್ಕೊಂಡು ಅತ್ತ. ಅವತ್ತಿಂದ ಎಲ್ಲಾರೂ ನನ್ನ ಗೇಲಿ ಮಾಡಕ್ಕೆ ಶುರು ಮಾಡಿದ್ರು. ಹೆಸರು ಅಂಟ್ಕೊಂಡ್ಬಿಡ್ತು." ಡಾರ್ಕಸ್ ಅವಳನ್ನು ಓರೆಗಣ್ಣಿನಿಂದ ನೋಡಿದಳು. "ನಿಮಗೆ ಬೇಜಾರು ಅಂದ್ರೆ ಇವತ್ತೇ ನಿಲ್ಲಿಸ್ತೀನಿ ಅಕ್ಕಾ. ಡಾರ್ಕಸ್ ಅಂತ ಕರೀಲಿ."

"ಬೇಡ" ಎಂದಳು ಕೆಸಾಯಾ. ಅವಳ ಕೆನ್ನೆಗೆ ಮರಳು ಮೆತ್ತಿತ್ತು, ಅದರಲ್ಲಿ ಕಣ್ಣೀರು ದಾರಿ ಮಾಡಿಕೊಂಡು ಇಳಿಯುತ್ತಿತ್ತು. "ಬೇಡಮ್ಮಾ. ಇರ್ಲಿ."

ಬಾಯಿಪಾಠ ಮಾಡಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಬೇಕೆಂದೂ ಅನಿಸಲಿಲ್ಲ. ಅವಳು ಡಾರ್ಕಸ್‌ಳ ಬಲಗೈಯನ್ನು ಎಳೆದುಕೊಂಡು, ಆ ಬೆರಳುಗಳನ್ನು ಒಂದೊಂದಾಗಿ ತನ್ನ ಲಂಗದ ಅಂಚಿನಿಂದ ಒರೆಸಿದಳು.

ಬೇಲಿಯಾಚೆ ಕುದಿನೀರಿನ ಬುಗ್ಗೆಯೊಂದಿತ್ತು. ಡಾರ್ಕಸ್ ಎರಡು ಮೊಟ್ಟೆಗಳನ್ನು ಎಲೆಬುಟ್ಟಿಯಲ್ಲಿ ಕಟ್ಟಿ ಅದರಲ್ಲಿ ಇಳಿಬಿಟ್ಟಳು. ಬೆಂದ ಮೇಲೆ ಒಂದನ್ನು ಸುಲಿದು ಕೊಟ್ಟಳು. ಬಿಳಿಭಾಗ ಹೆಸರಿಗಷ್ಟೇ, ಒಳಗೆಲ್ಲ ಹಳದಿ. ಕೆಸಾಯಾ ಚೂರು ಬಾಯಿಗಿಟ್ಟಳು. ತೆಂಗಿನ ಹಾಲನ್ನು ಗಟ್ಟಿಯಾಗಿ ಕಾಯಿಸಿದಂತೆ ದಪ್ಪಗೆ, ಹಿತವಾಗಿ ನಾಲಿಗೆಗೆ ಹತ್ತಿಕೊಂಡಿತು. ಪೂರ್ತಿ ತಿಂದು ಮುಗಿಸಿ ಬೆರಳು ನೆಕ್ಕಿಕೊಂಡಳು.

"ಇನ್ನೊಂದು ಇದ್ಯಾ?"

"ನಂದೇ ಇದೆ. ತಗೊಳ್ಳಿ" ಎಂದು ಡಾರ್ಕಸ್ ಅರ್ಧ ಮುರಿದುಕೊಟ್ಟಳು.

ಅಷ್ಟರಲ್ಲಿ ತಡವಾಗಿ ಬಂದ ಹಕ್ಕಿಯೊಂದು ಕಾಡಿನಂಚಿನಿಂದ ನಡೆದುಬಂದು, ಇವರಿಬ್ಬರನ್ನು ಕತ್ತು ಓರೆ ಮಾಡಿ ನೋಡಿತು. ಆಮೇಲೆ ಅಲ್ಲೇ, ಅವರ ಪಾದಗಳ ಪಕ್ಕದಲ್ಲೇ ಕೆರೆಯತೊಡಗಿತು. ಬೆಚ್ಚನೆಯ ಮರಳು ಇಬ್ಬರ ಮಡಿಲಿಗೂ, ಕೈಯಲ್ಲಿದ್ದ ಮೊಟ್ಟೆಯ ಚೂರಿಗೂ ಬಂದು ಬೀಳುತ್ತಿತ್ತು. ಅದು ಹೆದರೀತೆಂದು ಇಬ್ಬರೂ ಉಸಿರು ಬಿಗಿಹಿಡಿದು ಅಲುಗದೆ ಕುಳಿತಿದ್ದರು.