ನಮಾಲ್ವಳ ಬೂದಿನೀರು

ಸಿಮಿಯುವಿಗೆ ಇಬ್ಬರು ಹೆಂಡತಿಯರು, ಒಂದೇ ಅಂಗಳಕ್ಕೆ ಬಾಗಿಲಿಟ್ಟ ಎರಡು ಮನೆಗಳು. ಮೂರು ದಿನ ಹಿರಿಯವಳಾದ ನಮಾಲ್ವಳ ಮನೆಯಲ್ಲಿ ಊಟ, ಮೂರು ದಿನ ಕಿರಿಯವಳಾದ ಖಾತುಂಡಿಯ ಮನೆಯಲ್ಲಿ. ಅವನ ಮೂತ್ರಪಿಂಡ ಸೋತಿದೆ, ಅಂಗಡಿಯ ಉಪ್ಪು ಮುಟ್ಟಬೇಡಿ ಎಂದು ಆಸ್ಪತ್ರೆಯವರು ಹೇಳಿದ ಮೇಲೂ ಆ ಪಾಳಿ ತಪ್ಪಿರಲಿಲ್ಲ.

ನಮಾಲ್ವಳ ಹೊಟ್ಟೆ ಉರಿಯುತ್ತಿದ್ದುದು ಒಂದೇ ಕಾರಣಕ್ಕೆ. ಅವಳ ಮನೆಯಲ್ಲಿದ್ದ ದಿನಗಳಲ್ಲಿ ಅವನು ಕಾಲು ನೀವಿಕೊಳ್ಳುತ್ತ ನರಳುತ್ತಿದ್ದ. ತೊಡೆಯಲ್ಲಿ ಸೆಳೆತ, ತೋಳಲ್ಲಿ ನೋವು, ಎದ್ದರೆ ಮೊಣಕಾಲು ಕುಸಿಯುವುದು. ಖಾತುಂಡಿಯ ಪಾಳಿ ಬಂತೆಂದರೆ ಮೆಲ್ಲಗೆ ಕಬ್ಬಿನ ಗದ್ದೆಯವರೆಗೂ ನಡೆದು ಬರುತ್ತಿದ್ದ.

"ಅದೇನ್ ಮದ್ದು ಹಾಕ್ತೀಯೇ ಅವ್ರಿಗೆ?" ಎಂದು ನಮಾಲ್ವ ಅಂಗಳದಲ್ಲೇ ಕೇಳಿದಳು.

ಖಾತುಂಡಿ ನಕ್ಕಳು. "ಮದ್ದೆಲ್ಲಿ ಬಂತು ಅಕ್ಕ? ಪೇಟೇಲಿ ಬೆಳೆದೋಳು ನಾನು. ಸೊಪ್ಪು ಬೇಯ್ಸಿ ನೀರು ಚೆಲ್ಲೋದಷ್ಟೇ ಗೊತ್ತು."

"ಬೂದಿನೀರು ಇಳ್ಸೋಕೂ ಬರಲ್ಲ. ದನಕ್ಕೆ ಹಾಕಿದ ಹಾಗೆ ಹಾಕ್ತೀಯ ಗಂಡಂಗೆ."

"ದನ ನಡೀತಾ ಇದೆಯಲ್ಲಕ್ಕ!"

ಆ ನಗು ನಮಾಲ್ವಳ ಕಿವಿಯಲ್ಲೇ ಉಳಿಯಿತು. ಮುಂದಿನ ಪಾಳಿಗೆ ಅವಳು ಒಣಗಿದ ಹುರುಳಿಕಾಯಿ ಸಿಪ್ಪೆಯನ್ನೆಲ್ಲ ಸುಟ್ಟು, ತೂತಿನ ಮಡಕೆಗೆ ಬೂದಿ ತುಂಬಿ, ಮೇಲೆ ನೀರು ಹೊಯ್ದಳು. ಕೆಳಗೆ ಕಂದು ನೀರು ತೊಟ್ಟಿಕ್ಕಿತು. ಅತ್ತೆ ಕಲಿಸಿದ್ದ ವಿದ್ಯೆ ಅದು. ಆ ನೀರು ಬಿದ್ದರೆ ಅಲಸಂದೆ ಸೊಪ್ಪು ಬೆಣ್ಣೆಯಾಗುತ್ತದೆ. ಮದುವೆಯಾದ ವರ್ಷ ಸಿಮಿಯು ತಟ್ಟೆ ನೆಕ್ಕಿದ್ದು ಅವಳಿಗಿನ್ನೂ ನೆನಪಿತ್ತು. ಉಪ್ಪು ಬೇಡವೆಂದಿದ್ದರು, ಇದು ಉಪ್ಪಲ್ಲವಲ್ಲ. ಒಂದು ಸೌಟು ಹಾಕುವಲ್ಲಿ ಮೂರು ಸೌಟು ಹಾಕಿದಳು.

ಮೂರನೆಯ ದಿನ ಬೆಳಿಗ್ಗೆ ಸಿಮಿಯು ಮಂಚದಿಂದ ಏಳಲಾರದೆ ಹೋದ. "ಕಾಲು ನಂದಲ್ಲ ಅನ್ನಿಸ್ತಿದೆ ಕಣೇ" ಎಂದ. ಬಾಡಿಗೆ ಬೈಕು ಬಂತು. ಹಿಂದೆ ಕೂತು ಅವನನ್ನು ಹಿಡಿದುಕೊಳ್ಳಲು ಖಾತುಂಡಿ ಮುಂದೆ ಬಂದಾಗ ನಮಾಲ್ವ ಅವಳನ್ನು ಬದಿಗೆ ಸರಿಸಿದಳು. "ನನ್ನ ಪಾಳಿ ಮುಗಿದಿಲ್ಲ." ಖಾತುಂಡಿ ಇನ್ನೊಂದು ಬೈಕಿನಲ್ಲಿ ಹಿಂದೆ ಬಂದಳು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ನರ್ಸಮ್ಮ ಹೊರಗೆ ಬಂದಳು. "ಪೊಟ್ಯಾಷಿಯಂ ಏರಿಬಿಟ್ಟಿದೆ. ಕಾಲು ಸೋತಿದ್ದು ಅದ್ರಿಂದ್ಲೇ. ಇನ್ನಷ್ಟು ಏರಿದ್ರೆ ಎದೆಯೇ ನಿಲ್ತಿತ್ತು. ಏನ್ ಕೊಟ್ರಿ ಊಟಕ್ಕೆ?"

"ಉಪ್ಪು ಒಂದು ಹರಳೂ ಹಾಕಿಲ್ಲ."

ನರ್ಸಮ್ಮ ಅದೇ ಸೀಮೆಯವಳು. "ಬೂದಿನೀರು?"

ನಮಾಲ್ವ ಖಾತುಂಡಿಯ ಕಡೆ ನೋಡಿದಳು. ಅವಳು ನೆಲ ನೋಡುತ್ತಿದ್ದಳು. ಎಲ್ಲ ಗೊತ್ತಿದ್ದೂ ಬಾಯಿಬಿಡಲಿಲ್ಲ. ಆ ಕರುಣೆ ನಮಾಲ್ವಳಿಗೆ ನಗುವಿಗಿಂತ ಹೆಚ್ಚು ಉರಿಯಿತು.

"ಮೂರು ಸೌಟು," ಎಂದಳು. "ನಾನೇ ಹಾಕಿದ್ದು."

"ಬೂದೀಲಿ ಇರೋದೇ ಆ ಪೊಟ್ಯಾಷಿಯಂ, ತಾಯಿ. ಇನ್ಮೇಲೆ ಹತ್ರಾನೂ ತರಬೇಡಿ. ಸೊಪ್ಪು ಹೆಚ್ಚಿ, ತುಂಬ ನೀರಲ್ಲಿ ಬೇಯ್ಸಿ, ಆ ನೀರು ಚೆಲ್ಲಿ."

ವಾರ ಕಳೆದು ಆಸ್ಪತ್ರೆಯಿಂದ ಬಂದ ಸಿಮಿಯು ಕೋಲೂರಿಕೊಂಡು ನೇರ ಖಾತುಂಡಿಯ ಮನೆಗೇ ನಡೆದ. ಸ್ವಲ್ಪ ಹೊತ್ತಿಗೆ ನಮಾಲ್ವ ತನ್ನ ಅಡುಗೆ ಮಡಕೆ ಹಿಡಿದು ಬಂದು ಅದೇ ಒಲೆಯ ಪಕ್ಕ ಕೂತಳು.

"ನೀರು ಎಷ್ಟು ಸಲ ಚೆಲ್ತೀಯ?"

"ಎರಡು ಸಲ ಅಕ್ಕ."

"ತೋರ್ಸು."

ಸಿಮಿಯು ಮುಸುಕಿನ ಜೋಳದ ಮುದ್ದೆ ಉಗಾಲಿಯನ್ನು ಮುರಿದು ಸೊಪ್ಪಿಗೆ ಅದ್ದಿ ಬಹಳ ಹೊತ್ತು ಅಗಿದ. "ರುಚಿಯೇ ಇಲ್ವಲ್ಲೇ ಖಾತುಂಡಿ."

ನಮಾಲ್ವ ಒಲೆ ಊದುವವಳಂತೆ ಬಗ್ಗಿ ನಗು ಮರೆಮಾಡಿಕೊಂಡಳು. "ಸುಮ್ನೆ ತಿನ್ನಿ," ಎಂದಳು. "ನನ್ನ ಮನೇಲೂ ಇನ್ನು ಇದೇ."