ಉಬ್ಬರಕ್ಕೆ ಮುನ್ನ ತಲುಪಬೇಕಾದ ಫೈಲು

ಹಡಗು ಕಣ್ಣಿಗೆ ಕಾಣುತ್ತಿತ್ತು. ಸಂಕಟವೆಲ್ಲ ಅದರಲ್ಲೇ ಇತ್ತು. ಕಾಣದೆ ಇದ್ದಿದ್ದರೆ ಅಳತೆರಾಯ ಎಂದಿನಂತೆ ಕುರ್ಚಿಗೆ ಒರಗಿ, ಆದಾಗ ಆಗಲಿ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆದರೆ ಬಂದರಿನ ಅಳತೆ ಕಚೇರಿಯ ಉಪ್ಪು ಹಿಡಿದ ಕಿಟಕಿಯಿಂದ ಹೊರಗೆ ನೋಡಿದರೆ ಸಾಕು, ಅಲೆತಡೆಯ ಗೋಡೆಯಾಚೆ, ಬೂದುಬಣ್ಣದ ನೀರಿನ ಮೇಲೆ ಅದು ಲಂಗರು ಹಾಕಿ ನಿಂತಿತ್ತು. ಅದರ ಅಡುಗೆಮನೆಯಲ್ಲಿ ಅವನ ತಮ್ಮನಿದ್ದ. ಆ ತಮ್ಮ ಮನೆಯಿಂದ ಹೊರಟಾಗ ಹೆಂಡತಿ ಬಸುರಿ. ಈಗ ಮಗುವಿಗೆ ಹಲ್ಲು ಮೂಡಿದೆ. ಅಪ್ಪನೆಂದರೆ ಫೋನಿನ ಗಾಜಿನೊಳಗೆ ಮೂಗು ದೊಡ್ಡದಾಗಿ ಕಾಣುವ ಒಬ್ಬ ಮನುಷ್ಯ ಎಂಬುದಷ್ಟೇ ಅದಕ್ಕೆ ಗೊತ್ತು.

ಹಡಗು ಒಳಗೆ ಬಂದರೆ ಸರಕಿಳಿಸಲು ಒಂದು ದಿನ ಧಕ್ಕೆಯ ಕಟ್ಟೆಗೆ ಒತ್ತಿ ನಿಲ್ಲುತ್ತದೆ, ತಮ್ಮ ಮನೆಗೆ ಬಂದು ಹೋಗುತ್ತಾನೆ. ಬರದಿದ್ದರೆ ಇನ್ನು ಯಾವ ಕಾಲಕ್ಕೋ. ಹಡಗಿನ ಕಂಪನಿಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಇವತ್ತಿನ ಹಗಲಿನ ಉಬ್ಬರಕ್ಕೆ ಒಳಗೆ ಬಿಟ್ಟರೆ ಸರಿ, ಇಲ್ಲವಾದರೆ ಮುಂದಿನ ಬಂದರಿಗೆ ಹೊರಟೆವು, ಇಲ್ಲಿಯ ಸರಕನ್ನೂ ಅಲ್ಲೇ ಇಳಿಸುತ್ತೇವೆ. ರಾತ್ರಿಯ ಉಬ್ಬರಕ್ಕೆ ಕಾಯಿರಿ ಎನ್ನುವಂತೆಯೂ ಇರಲಿಲ್ಲ; ಹಡಗುದಾರಿ ಬಂದರಿನ ಬಾಯಿಯಲ್ಲಿ ಮಂಡಿ ಮಡಚಿದಂತೆ ತಿರುಗುತ್ತದೆ, ಆ ತಿರುವಿನಲ್ಲಿ ಕತ್ತಲಾದ ಮೇಲೆ ದೊಡ್ಡ ಹಡಗನ್ನು ಯಾರೂ ನಡೆಸುವುದಿಲ್ಲ.

ತಿರುವಿನಲ್ಲಿ ತುಂಬಿದ್ದ ಹೂಳನ್ನು ಈಚೆಗಷ್ಟೇ ಎತ್ತಿದ್ದರು. ಎತ್ತಿದ ಮೇಲೆ ನೀರಿನ ಆಳ ಎಷ್ಟಾಗಿದೆ ಎಂಬುದನ್ನು ನಿನ್ನೆ ಇಡೀ ದಿನ, ಇವತ್ತು ಬೆಳಗಿನ ಜಾವದಿಂದ, ಅಳತೆಯ ದೋಣಿಯಲ್ಲಿ ನೇಗಿಲ ಸಾಲು ಹೊಡೆದಂತೆ ಹಿಂದೆ ಮುಂದೆ ಓಡಾಡಿ ಅಳೆದು ತಂದವನು ಅಳತೆರಾಯನೇ. ಆ ಅಳತೆಯೆಲ್ಲ ಈಗ ಒಂದು ಫೈಲಾಗಿ ಕಂಪ್ಯೂಟರಿನಲ್ಲಿ ಕೂತಿತ್ತು. ಅದು ಮುಖ್ಯ ಕಚೇರಿಗೆ ತಲುಪಬೇಕು, ಅಲ್ಲಿ ನಕ್ಷೆಯಾಗಬೇಕು, ಪರವಾನಗಿ ಅಧಿಕಾರಿ ನೋಡಿ ಹೂಂ ಎನ್ನಬೇಕು. ಆಮೇಲೆಯೇ ಬಂದರಿನ ಪೈಲಟ್ ಹೋಗಿ ಹಡಗನ್ನು ಕೈಹಿಡಿದು ಒಳಗೆ ತರುವುದು. ಫೈಲು ಮೇಲ್‌ನಲ್ಲಿ ಹಿಡಿಸದಷ್ಟು ದಪ್ಪ. ಅದಕ್ಕೆಂದೇ ಒಂದು ರವಾನೆಯ ಪ್ರೋಗ್ರಾಂ ಇತ್ತು: ಎಡಗಡೆ ನಮ್ಮ ಫೈಲುಗಳು, ಬಲಗಡೆ ಮುಖ್ಯ ಕಚೇರಿಯ ಫೈಲುಗಳು, ಇಲ್ಲಿಂದ ಎಳೆದು ಅಲ್ಲಿಗೆ ಬಿಟ್ಟರೆ ಕೆಲಸ ಮುಗಿಯಿತು.

ಇವತ್ತು ಬಲಗಡೆ ಖಾಲಿಯಾಗಿತ್ತು. ಕೆಳಗೆ ಕೆಂಪಕ್ಷರದಲ್ಲಿ ಒಂದೇ ಸಾಲು: ಪ್ರಾಕ್ಸಿ ಸಂಪರ್ಕವನ್ನು ನಿರಾಕರಿಸಿದೆ.

ಪ್ರಾಕ್ಸಿ ಎಂದರೆ ಕಚೇರಿಗೂ ಹೊರಲೋಕಕ್ಕೂ ನಡುವೆ ಕೂರಿಸಿದ ಕಾವಲಿನ ಕಂಪ್ಯೂಟರು. ಇವರ ಯಾವ ಯಂತ್ರವೂ ನೇರವಾಗಿ ಹೊರಗೆ ಕಾಲಿಡುವಂತಿಲ್ಲ. ಹೆಸರು ಹೇಳಿ, ಗುಟ್ಟಿನ ಪದ ಒಪ್ಪಿಸಿದರೆ, ಅದು ಇವರ ಪರವಾಗಿ ಹೋಗಿ ಕೊಟ್ಟು ಬರುತ್ತದೆ. ನಿನ್ನೆಯವರೆಗೆ ಅದು ಇದೆ ಎಂಬುದೇ ಯಾರಿಗೂ ನೆನಪಿರಲಿಲ್ಲ.

"ಏನಂತೆ?" ಎಂದ ಚುಕ್ಕಾಣಿ. ಅಳತೆಯ ದೋಣಿ ನಡೆಸುವವನಿಗೆ ಇಡೀ ಬಂದರು ಇಟ್ಟ ಹೆಸರದು. ಬೆಂಚಿನ ಮೇಲೆ ಕಾಲು ಚಾಚಿ, ಒದ್ದೆ ಸಾಕ್ಸನ್ನು ಹೀಟರಿನ ಮೇಲೆ ಒಣಹಾಕಿದ್ದ.

"ಬೇಡವಂತೆ."

"ಯಾರಿಗೆ ಬೇಡವಂತೆ?"

"ಗೊತ್ತಿದ್ರೆ ನಿನ್ನ ಸಾಕ್ಸಿನ ವಾಸನೆ ಕುಡೀತಾ ಇಲ್ಲಿ ಯಾಕೆ ಕೂತಿರ್ತಿದ್ದೆ ಮಾರಾಯ?"

ಬೆಳಗಿನಿಂದ ನೀರಿನ ಮೇಲೆ ತೂಗಾಡಿದ ಮೈ ಇನ್ನೂ ತೂಗುತ್ತಲೇ ಇತ್ತು. ಮೇಜು ಸ್ಥಿರವಾಗಿದೆಯೋ ಇಲ್ಲವೋ ಎಂದು ಅಂಗೈ ಊರಿ ನೋಡಿಕೊಳ್ಳಬೇಕು, ಹಾಗಿತ್ತು ಆಯಾಸ. ಆಯಾಸದಲ್ಲಿ ಮನುಷ್ಯನ ತಲೆಗಿಂತ ಕೈ ಮುಂದೆ ಓಡುತ್ತದೆ. ಅಳತೆರಾಯ ಮೊದಲು ಗುಟ್ಟಿನ ಪದವನ್ನು ಮತ್ತೆ ಒತ್ತಿದ. ಆಮೇಲೆ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದ. ಆಮೇಲೆ, ಪ್ರೋಗ್ರಾಮಿಗೇ ಏನೋ ರೋಗ ಬಡಿದಿರಬೇಕೆಂದುಕೊಂಡು, ಅದನ್ನು ಬುಡಸಮೇತ ಕಿತ್ತುಹಾಕಿ, ಹೊಸದಾಗಿ ಹೂಡಿ, ಕೇಳಿದ ಖಾನೆಗಳನ್ನೆಲ್ಲ ನೆನಪಿನಿಂದ ತುಂಬಿದ. ಕೆಂಪು ಸಾಲು ಅಕ್ಷರವೂ ಕದಲದೆ ಮತ್ತೆ ಪ್ರತ್ಯಕ್ಷವಾಯಿತು.

ಕೊನೆಗೆ ಮುಖ್ಯ ಕಚೇರಿಯ ಜಾಲವಿಭಾಗಕ್ಕೆ ಫೋನು ಮಾಡಿದ. ಎತ್ತಿದವಳ ದನಿಯಲ್ಲೂ ಬೆಳಗಿನಿಂದ ಇದೇ ಹಾಡು ಹಾಡಿದವರ ಸುಸ್ತಿತ್ತು.

"ನಮ್ಮ ಕಡೆ ಎಲ್ಲ ಸರಿ ಇದೆ ಸರ್."

"ನಮ್ಮ ಕಡೆಯೂ ಸರಿಯೇ ಇದೆ ತಾಯಿ. ನಡುವೆ ಏನಾಗಿದೆ ಅಂತ ಯಾರನ್ನ ಕೇಳೋದು?"

"ಪ್ರಾಕ್ಸಿಗೆ ಯಾವ ಹೆಸರು ಕೊಡ್ತಿದ್ದೀರಿ?"

ಅಳತೆರಾಯ ಹೇಳಿದ. ಆ ಕಡೆ ಕೀಲಿಗಳ ಸದ್ದಾಯಿತು.

"ಇವರು ನಿನ್ನೆ ನಿವೃತ್ತರಾದರು, ಅಲ್ವಾ? ಸಂಜೆಯೇ ಈ ಹೆಸರು ಮುಚ್ಚಿದ್ದೀವಿ."

ಯಜಮಾನರ ಹೆಸರು. ಈ ಕಚೇರಿಯ ಹಿರಿಯರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದುದು. ನಿನ್ನೆ ಭಾಷಣ ಮಾಡಿ, ಚಪ್ಪಾಳೆ ತಟ್ಟಿ, ಕೈಗೊಂದು ಗೋಡೆಗಡಿಯಾರ ಕೊಟ್ಟು ಅವರನ್ನು ಕಳುಹಿಸಿಕೊಟ್ಟಾಗ, ಕಚೇರಿಯ ಬಾಗಿಲನ್ನೇ ಕಿತ್ತು ಕೈಗೆ ಕೊಡುತ್ತಿದ್ದೇವೆಂದು ಯಾರಿಗೂ ಹೊಳೆದಿರಲಿಲ್ಲ. ಪ್ರಾಕ್ಸಿ ಬಂದ ಹೊಸತರಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಹೆಸರು ನೋಂದಾಯಿಸಿಕೊಳ್ಳಿ, ನಿಮ್ಮ ಹೆಸರಿನಲ್ಲಿ ಹೊರಹೋದದ್ದಕ್ಕೆಲ್ಲ ನೀವೇ ಹೊಣೆ ಎಂದು ಸೂಚನೆ ಬಂದಿತ್ತು. ಹೊಣೆ ಎಂಬ ಮಾತು ಕೇಳಿದ್ದೇ ತಡ, ಒಬ್ಬೊಬ್ಬರಿಗೂ ಒಂದೊಂದು ತುರ್ತು ಕೆಲಸ ನೆನಪಾಯಿತು. ಯಜಮಾನರು ನಿಟ್ಟುಸಿರಿಟ್ಟು ತಮ್ಮ ಹೆಸರನ್ನೇ ಎಲ್ಲ ಯಂತ್ರಗಳಲ್ಲೂ ತುಂಬಿದರು. ಕಚೇರಿಯ ಹೊತ್ತಿನಲ್ಲಿ ಕುಸ್ತಿಯ ವಿಡಿಯೊ ನೋಡಿದವರು ಯಾರು ಎಂದು ಮೇಲಿನಿಂದ ಪ್ರಶ್ನೆ ಬಂದರೆ, ಬೊಕ್ಕತಲೆ ಸವರಿಕೊಂಡು, "ನಾನೇ, ಈ ವಯಸ್ಸಿನಲ್ಲಿ ಏನೋ ಚಪಲ" ಎಂದು ಬರೆದು ಕಳುಹಿಸುತ್ತಿದ್ದರು. ನೋಡಿದವನು ಚುಕ್ಕಾಣಿ.

"ಹಾಗಾದ್ರೆ ನನ್ನ ಹೆಸರಲ್ಲಿ ಬಿಡಿ," ಎಂದ ಅಳತೆರಾಯ.

ಮತ್ತೆ ಕೀಲಿಗಳ ಸದ್ದು. "ನೀವು ಇಲ್ವಲ್ಲ ಸರ್."

"ಇಲ್ಲ ಅಂದ್ರೆ?"

"ನಮ್ಮಲ್ಲಿ ನೀವು ಇಲ್ಲವೇ ಇಲ್ಲ."

ಫೋನಿನ ದನಿ ಬೆಂಚಿಗೂ ಕೇಳಿಸಿತು. ಚುಕ್ಕಾಣಿ ತೊಡೆ ತಟ್ಟಿ ನಕ್ಕ. "ಕೇಳಿದ್ರಾ ರಾಯರೇ? ನೀವೇ ಇಲ್ಲವಂತೆ! ಬೆಳಿಗ್ಗೆಯಿಂದ ನಾನು ದೋಣಿಯಲ್ಲಿ ಯಾರ ಬೈಗುಳ ತಿಂದೆ ಹಾಗಾದ್ರೆ?"

ಅಳತೆರಾಯನಿಗೆ ನಗು ಬರಲಿಲ್ಲ. ಕಿಟಕಿಯ ಹೊರಗೆ, ಧಕ್ಕೆಯ ಅಂಚಿನಲ್ಲಿ, ನೀರಿನ ಮಟ್ಟ ತೋರಿಸುವ ಗೆರೆ ಹಾಕಿದ ಕಂಬವಿತ್ತು. ನೀರು ಇನ್ನೂ ಏರುತ್ತಿತ್ತು, ಆದರೆ ಮೆಟ್ಟಿಲು ಹತ್ತಿ ದಣಿದವರ ಹಾಗೆ, ನಿಧಾನಕ್ಕೆ. "ನನ್ನನ್ನ ಹುಟ್ಟಿಸಮ್ಮ ತಾಯಿ, ಆದಷ್ಟು ಬೇಗ," ಎಂದ.

ಹುಟ್ಟಿಸಲು ಮೇಲಧಿಕಾರಿಯ ಒಪ್ಪಿಗೆ ಬೇಕಿತ್ತು. ಮೇಲಧಿಕಾರಿ ಸಭೆಯಲ್ಲಿದ್ದರು. ಅವಳು ಅವರನ್ನು ಹುಡುಕಿಸುವಷ್ಟು ಹೊತ್ತೂ ಫೋನಿನಲ್ಲಿ ಸಂಗೀತ ಬಂತು. ಒಂದೇ ಚೂರನ್ನು ತಿರುಗಿಸಿ ತಿರುಗಿಸಿ ಹಾಕುವ, ಕೇಳುವವನ ಆಯುಸ್ಸನ್ನು ಅರೆಯುವ ಸಂಗೀತ. ಅದರ ನಡುವೆ ಇನ್ನೊಂದು ಫೋನು ಬಡಿದುಕೊಂಡಿತು. ತಮ್ಮನ ಹೆಂಡತಿ. ಮಗುವನ್ನೆತ್ತಿಕೊಂಡು ಊಟ ಮುಗಿದೊಡನೆಯೇ ಅಲೆತಡೆಯ ಗೋಡೆಯ ಬುಡದಲ್ಲಿ ಬಂದು ನಿಂತಿದ್ದಳು.

"ಭಾವ, ಹಡಗು ಇಲ್ಲೇ ಕಾಣ್ತಿದೆ. ಇನ್ನೂ ಯಾಕೆ ಅಲ್ಲಾಡ್ತಿಲ್ಲ?"

"ಒಂದು ಕಾಗದಪತ್ರದ ಕೆಲಸ ಬಾಕಿ ಇದೆ ಕಣಮ್ಮ."

"ನಿಮ್ಮ ಕೈಯಲ್ಲೇ ಇರೋದಂತಲ್ಲ? ಇವರು ಹೇಳಿದ್ರು, ಅಣ್ಣನೇ ಅಳೆದಿರೋದು, ಏನೂ ಯೋಚನೆ ಮಾಡಬೇಡ ಅಂತ."

"ಕೈಯಲ್ಲೇ ಇದೆ. ಕೈಯಿಂದ ಆಚೆ ಹೋಗ್ತಿಲ್ಲ, ಅಷ್ಟೇ. ಮಗು ತಲೆಗೆ ಬಟ್ಟೆ ಸುತ್ತು, ಗಾಳಿ ಇದೆ."

ಕಡೆಗೂ ಅಳತೆರಾಯ ಹುಟ್ಟಿದ. ಹೊಸ ಹೆಸರು, ಹೊಸ ಗುಟ್ಟಿನ ಪದ. ಒಂದೊಂದೇ ಅಕ್ಷರವನ್ನು ಅವಳು ಹೇಳಿದಳು, ಇವನು ಒತ್ತಿದ. ಕೆಂಪು ಸಾಲು ಮಾಯವಾಗಿ ಹಸಿರು ಸಾಲು ಬಂತು: ಪ್ರಾಕ್ಸಿ ಒಪ್ಪಿತು, ಸರ್ವರ್ ಸ್ವಾಗತಿಸಿತು, ಫೈಲುಗಳ ಪಟ್ಟಿಯನ್ನು ತರಲಾಗುತ್ತಿದೆ. ಅಳತೆರಾಯ ಉಸಿರು ಬಿಟ್ಟು, ಧನ್ಯವಾದ ಹೇಳಿ ಫೋನಿಟ್ಟ.

ತರಲಾಗುತ್ತಿದೆ ಎಂದದ್ದು ತರಲಾಗುತ್ತಲೇ ಇತ್ತು. ಬಲಗಡೆ ಖಾಲಿ. ಸ್ವಲ್ಪ ಹೊತ್ತಿಗೆ ಸಂಪರ್ಕ ತಾನಾಗಿಯೇ ಕಡಿದು, ಮತ್ತೆ ಕೂಡಿ, ಮತ್ತೆ ಸ್ವಾಗತಿಸಿ, ಮತ್ತೆ ಮೌನ ತಾಳಿತು. ಬಾಗಿಲು ತೆರೆದು ಬನ್ನಿ ಎಂದವರು ಒಳಗೆ ಹೋಗಿ ಮಲಗಿಬಿಟ್ಟಂತೆ. ಜಾಲವಿಭಾಗಕ್ಕೆ ಮತ್ತೆ ಫೋನು ಮಾಡಿದರೆ ಅದೇ ಸಂಗೀತ.

"ಯಜಮಾನರಿಗೆ ಮಾಡಿ," ಎಂದ ಚುಕ್ಕಾಣಿ.

"ನಿನ್ನೆಯಷ್ಟೇ ಬಿಡುಗಡೆ ಆಗಿದೆ ಆ ಮನುಷ್ಯನಿಗೆ."

"ಅದಕ್ಕೇ ಮಾಡಿ. ಇವತ್ತಾದರೆ ಎತ್ತುತ್ತಾರೆ. ಇನ್ನೊಂದು ವಾರ ಹೋದ್ರೆ ಬುದ್ಧಿ ಬಂದಿರುತ್ತೆ."

ಯಜಮಾನರು ಎತ್ತಿದರು. "ಏನೋ ಅಳತೆರಾಯ, ಒಂದು ಮಧ್ಯಾಹ್ನದ ನಿದ್ದೆ ಮಾಡೋಕೂ ಬಿಡಲ್ವೇನೋ?"

ಅವನು ನಡೆದದ್ದನ್ನೆಲ್ಲ ಒಪ್ಪಿಸಿದ. ಪ್ರೋಗ್ರಾಮನ್ನು ಕಿತ್ತು ಹೊಸದಾಗಿ ಹೂಡಿದೆ ಎಂಬಲ್ಲಿಗೆ ಬಂದಾಗ ಅವರು ನಡುವೆ ಬಾಯಿ ಹಾಕಿದರು.

"ಕಿತ್ತುಹಾಕಿದೆಯಾ? ಯಾಕೋ ಪುಣ್ಯಾತ್ಮ? ಹೆಸರು ಸತ್ತಿತ್ತು, ಹೆಸರನ್ನ ಬದಲಾಯಿಸಿದ್ರೆ ಆಗ್ತಿತ್ತು. ಪ್ರೋಗ್ರಾಂ ಏನು ಮಾಡಿತ್ತು ನಿನಗೆ?"

"ತಲೆ ಓಡಲಿಲ್ಲ, ಯಜಮಾನರೇ."

"ಸರಿ, ಕೇಳು. ಮಾತುಕತೆಗೆ ಒಂದು ದಾರಿ, ಸಾಮಾನು ಸಾಗಿಸೋಕೆ ಬೇರೆ ದಾರಿ. ಈಗ ನಿನ್ನ ಯಂತ್ರ ಏನು ಮಾಡ್ತಿದೆ ಅಂದ್ರೆ, ಸಾಮಾನನ್ನ ನಮ್ಮ ಹಿತ್ತಲ ಬಾಗಿಲಿಗೇ ತಂದುಕೊಡಿ ಅಂತ ಆ ಕಡೆಯವರಿಗೆ ಹೇಳ್ತಿದೆ. ಅವರು ಬರ್ತಾರೆ, ಪ್ರಾಕ್ಸಿ ಬೀದಿಯಲ್ಲೇ ತಡೀತದೆ. ನೀನು ಒಳಗೆ ಕಾಯ್ತೀಯ, ಅವರು ಹೊರಗೆ ಕಾಯ್ತಾರೆ. ಹಾಗಲ್ಲ. ಅವರು ತಮ್ಮಲ್ಲಿ ಯಾವ ಬಾಗಿಲು ತೆರೀತಾರೋ, ಅಲ್ಲಿಗೆ ನಾವೇ ಹೋಗಬೇಕು. ಸೆಟ್ಟಿಂಗ್‌ನಲ್ಲಿ ಆಕ್ಟಿವ್ ಅಂತ ಇರುತ್ತೆ ನೋಡು, ಅದನ್ನ ಪ್ಯಾಸಿವ್ ಮಾಡು. ನಾನು ಮಾಡಿಟ್ಟಿದ್ದೆ, ನೀನು ಗುಡಿಸಿ ಹಾಕಿದೀಯ."

ಒಂದು ಚುಕ್ಕೆ ಈ ಖಾನೆಯಿಂದ ಆ ಖಾನೆಗೆ ಸರಿಯಿತು. ಬಲಗಡೆ ಫೈಲುಗಳ ಹೆಸರು ದಬದಬನೆ ಉದುರಿದವು. ಅಳತೆರಾಯ ತನ್ನ ಫೈಲನ್ನು ಎಳೆದು ಬಿಟ್ಟ. ಹಸಿರು ಪಟ್ಟಿ ತೆವಳತೊಡಗಿತು.

"ಹೋಗ್ತಿದೆಯಾ?" ಎಂದರು ಯಜಮಾನರು.

"ಹೋಗ್ತಿದೆ."

"ಹಾಗಾದ್ರೆ ನಾನು ಮಲಗ್ತೀನಿ," ಎಂದರು. ಆದರೆ ಸ್ವಲ್ಪ ಹೊತ್ತು ಫೋನಿಡಲಿಲ್ಲ.

ಪಟ್ಟಿ ತುಂಬಿದಾಗ ಅಳತೆರಾಯ ಎದ್ದು ಕಿಟಕಿಗೆ ಹೋದ. ಕಂಬದ ಮೇಲೆ, ನೀರಿಗಿಂತ ಮೇಲೆ, ಒದ್ದೆಯ ಕಪ್ಪು ಪಟ್ಟಿಯೊಂದು ಕಾಣಿಸಿಕೊಂಡಿತ್ತು. ಉಬ್ಬರ ಬಂದು, ನಿಂತು, ಹಿಂದಿರುಗಿತ್ತು.

ನಕ್ಷೆಯಾಗಲು ಹಿಡಿದ ಹೊತ್ತಿನಲ್ಲಿ ಆ ಕಪ್ಪು ಪಟ್ಟಿ ಇನ್ನಷ್ಟು ಅಗಲವಾಯಿತು. ಆಮೇಲೆ ಪರವಾನಗಿ ಅಧಿಕಾರಿಯೇ ಫೋನು ಮಾಡಿದರು. ಒಳ್ಳೆಯ ಮನುಷ್ಯ, ದನಿಯಲ್ಲಿ ಸಹಾಯ ಮಾಡುವ ಆತುರವಿತ್ತು.

"ಅಳತೆ ಚೊಕ್ಕವಾಗಿದೆ ರಾಯರೇ. ಎಲ್ಲ ಕಡೆ ಆಳ ಸಾಕು. ತಿರುವಿನ ಒಳಮಗ್ಗುಲಲ್ಲಿ ಮಾತ್ರ ಒಂದು ದಿಬ್ಬ ಉಳಿದಿದೆ. ಪೂರ್ತಿ ಉಬ್ಬರದಲ್ಲಾದರೆ ಹಡಗು ದಾಟುತ್ತೆ. ಈಗ ನಿಮ್ಮ ಕಂಬ ಏನು ಹೇಳ್ತಿದೆ?"

"ಒಂದು ಗೇಣು ಇಳಿದಿದೆ."

"ಪೈಲಟ್ ಹತ್ತಿ, ತಿರುವಿಗೆ ತರೋ ಹೊತ್ತಿಗೆ?"

"ಇನ್ನೊಂದು ಗೇಣು."

ಅಧಿಕಾರಿ ದನಿ ತಗ್ಗಿಸಿದರು: "ನೋಡಿ, ನಾವು ಯಾವಾಗಲೂ ಒಂದಿಷ್ಟು ಹೆಚ್ಚೇ ಬಿಟ್ಟು ಲೆಕ್ಕ ಹಾಕಿರ್ತೀವಿ. ನಿಮ್ಮ ತಮ್ಮ ಆ ಹಡಗಿನಲ್ಲಿದ್ದಾರಂತೆ, ಪೈಲಟ್ ಹೇಳಿದ. ಅಳೆದವರು ನೀವು. ಆಗುತ್ತೆ ಅಂತ ನೀವಂದ್ರೆ ನಾನು ಈಗಲೇ ಒಪ್ಪಿಗೆ ಕೊಡ್ತೀನಿ."

ಆ ದಿಬ್ಬ ಅಳತೆರಾಯನಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಅದು ಅಳತೆಯಂತ್ರದ ಪರದೆಯ ಮೇಲೆ ಮೂಡಿದಾಗ ನಂಬಲಾರದೆ ದೋಣಿಯನ್ನು ಅದರ ಮೇಲೆ ಮತ್ತೆ ಮತ್ತೆ ಹಾಯಿಸಿದ್ದ. ಮರಳಲ್ಲ, ಕೆಸರಲ್ಲ, ಹೂಳೆತ್ತುವ ಯಂತ್ರದ ಹಲ್ಲೇ ಜಾರಿಹೋದ ಗಟ್ಟಿ ಜೇಡಿ. ಹಡಗಿನ ಹೊಟ್ಟೆ ಅದನ್ನು ಸವರಿಕೊಂಡು ಹೋದರೂ ಹೋದೀತು. ಅಥವಾ ಕೂತುಬಿಟ್ಟೀತು. ಆಗುತ್ತದೆ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು, ಅಲ್ಲಿ ಒಂದು ಗಳಿಗೆ ಕೂತಿತು. ಒಂದೇ ಮಾತು, ಬೆಳಗಿನಿಂದ ಪಟ್ಟ ಪಾಡಿನ ಮುಂದೆ ಎಷ್ಟು ಹಗುರ!

"ಆಗಲ್ಲ ಸಾರ್," ಎಂದ. "ಬಿಡಬೇಡಿ."

ಫೋನಿಟ್ಟು, ತಾನೇ ತಮ್ಮನಿಗೆ ಮಾಡಿದ. ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಬರಲ್ವಾ ಅಣ್ಣ?"

"ನೀರು ಸಾಲದು ಕಣೋ. ನಾನೇ ಬೇಡ ಅಂದೆ."

ಪಾತ್ರೆಗಳ ಸದ್ದು ನಿಂತಿತು. "ಹೊಸ ಅಂಗಿ ಹಾಕ್ಕೊಂಡು ಕೂತಿದ್ದೆ," ಎಂದ ತಮ್ಮ. ಮತ್ತೆ, "ಹೋಗಲಿ ಬಿಡು. ನೀನು ಉಂಡೆಯಾ?"

ಅಳತೆರಾಯ ಫೋನಿಟ್ಟು ತಿರುಗಿದಾಗ ಚುಕ್ಕಾಣಿ ಅರೆಯೊಣಗಿದ ಸಾಕ್ಸನ್ನು ಕಾಲಿಗೆ ಏರಿಸುತ್ತಿದ್ದ.

"ರಾಯರೇ, ಬೆಳಗಿನ ಅಳತೆಯಲ್ಲಿ ಹೊರಬದಿಯ ಒಂದು ಸಾಲು ಬಿಟ್ಟುಹೋಗಿದೆ, ಅಲ್ವಾ?"

"ಬಿಟ್ಟಿಲ್ಲ."

"ಬಿಟ್ಟುಹೋಗಿದೆ ಅನ್ನಿ ಮಾರಾಯರೇ. ಹಡಗು ನಿಂತಿರೋ ಮಗ್ಗುಲಲ್ಲೇ. ಅದು ಲಂಗರು ಎತ್ತೋ ಮೊದಲು ಅಳೆದು ಬರೋಣ. ದೋಣಿಯಲ್ಲಿ ಲೈಫ್ ಜಾಕೆಟ್ಟು ಹೆಚ್ಚಿಗೆ ಇವೆ. ಹೋಗೋ ದಾರಿಯಲ್ಲೇ ಗೋಡೆ ಹತ್ತಿರ ತಾಯಿ ಮಗುವನ್ನ ಹತ್ತಿಸಿಕೊಂಡರಾಯ್ತು."

ಅಳತೆರಾಯ ಅವನ ಮುಖ ನೋಡಿದ. ಮತ್ತೆ ತೂಗಾಡುವುದನ್ನು ನೆನೆದರೇ ಮೈ ಬೇಡವೆನ್ನುತ್ತಿತ್ತು. "ಬಿಟ್ಟುಹೋಗಿದೆ," ಎಂದು ಕೋಟು ತೆಗೆದುಕೊಂಡ.

ಹತ್ತಿರ ಹೋದಾಗ ಹಡಗು ಹಡಗಿನಂತಿರಲಿಲ್ಲ. ಕಪ್ಪು ಕೆಂಪು ಬಳಿದ, ಕತ್ತೆತ್ತಿದರೂ ಮುಗಿಯದ ಕಬ್ಬಿಣದ ಗೋಡೆಯಾಗಿತ್ತು. ಮೇಲೆ ಕಟಾಂಜನಕ್ಕೆ ಒರಗಿ ಒಂದು ಸಾಲು ಜನ, ಎಲ್ಲರೂ ಹೆಬ್ಬೆರಳಿನಷ್ಟು, ಕೆಳಗಿನಿಂದ ಎಲ್ಲರ ಬಟ್ಟೆಯೂ ಒಂದೇ ಬಣ್ಣದ್ದೆನಿಸುತ್ತಿತ್ತು. ಅಳತೆರಾಯನಿಗೆ ಸ್ವಂತ ತಮ್ಮನ ಗುರುತು ಹತ್ತಲಿಲ್ಲ. ತಮ್ಮನ ಹೆಂಡತಿ ಮಾತ್ರ ದೋಣಿ ನಿಲ್ಲುವ ಮೊದಲೇ ಕೈ ಚಾಚಿದಳು. "ಭಾವ, ಅದೋ ಅಲ್ಲಿ, ಬಿಳೀ ಅಂಗಿ." ಅವಳು ಹೇಳಿದ ಮೇಲೆ ಅವನಿಗೂ ಕಂಡಿತು. ಬಿಳಿ ಅಂಗಿ ಏನೋ ಕೂಗುತ್ತಿತ್ತು. ಎಂಜಿನ್ನಿನ ಗದ್ದಲದಲ್ಲಿ ಒಂದಕ್ಷರವೂ ಕೆಳಗೆ ಇಳಿಯಲಿಲ್ಲ.

ಅವಳು ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಮಗು ಮೇಲೆ ನೋಡಲೇ ಇಲ್ಲ. ಹಡಗಿನ ಪಕ್ಕೆಯ ತೂತೊಂದರಿಂದ ಎಂಜಿನ್ನು ತಣಿಸಿದ ಬಿಸಿನೀರು ಧೋ ಎಂದು ಕಡಲಿಗೆ ಸುರಿಯುತ್ತಿತ್ತು. ಅದನ್ನೇ ನೋಡಿ, ಇದ್ದ ಹಲ್ಲನ್ನೆಲ್ಲ ತೋರಿಸಿ ಕೇಕೆ ಹಾಕಿ ನಕ್ಕಿತು. ಮೇಲೆ ಬಿಳಿ ಅಂಗಿಯವನು ಅದು ತನಗೇ ಎಂದುಕೊಂಡು ಎರಡೂ ಕೈ ಎತ್ತಿ ಹುಚ್ಚನಂತೆ ಬೀಸತೊಡಗಿದ. ಕೆಳಗಿನವರು ಯಾರೂ ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಲಂಗರಿನ ಸರಪಳಿ ಗಡಗಡನೆ ಮೇಲೇರುವವರೆಗೂ ಚುಕ್ಕಾಣಿ ದೋಣಿಯನ್ನು ಆ ಬಿಸಿನೀರಿನ ಎದುರಿಗೇ ನಿಲ್ಲಿಸಿಕೊಂಡಿದ್ದ.