ನಲವತ್ತು ನಿಮಿಷದ ಹೂವು

ಮನೆಗೆ ಯಾರಾದರೂ ಬಂದರೆ ಅಕ್ಕ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಮಡಿಲಲ್ಲಿದ್ದ ಕೈಗಳ ಮೇಲೆ ಟವಲು ಎಳೆದುಕೊಳ್ಳುವುದು. ಅಂಚಿಗೆ ನೀಲಿ ಗೆರೆಯಿದ್ದ ಬಿಳಿಯ ಸಣ್ಣ ಟವಲು ಅದು. ಅದರಡಿಯಲ್ಲಿ ಎರಡು ಕೈಗಳೂ ಒಂದೇ ಸಮನೆ ನಡುಗುತ್ತಿದ್ದವು. ಬಂದವರು ಮಾತಾಡುತ್ತಲೇ ಆ ಬಟ್ಟೆಯತ್ತ ಕಣ್ಣು ಹಾಯಿಸುತ್ತಿದ್ದರು, ಒಳಗೆ ಯಾವುದೋ ಜೀವವನ್ನು ಹಿಡಿದಿಟ್ಟಿದ್ದಾಳೋ ಎನ್ನುವ ಹಾಗೆ.

ಆ ಕೈಗಳಿಗೆ ಊರಿನಲ್ಲಿ ಹೆಸರಿತ್ತು. ಅಕ್ಕ, ಅಂದರೆ ಮನೋರಮಾ ಮೇಡಂ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರೆಂಬುದು ಎಷ್ಟೋ ಜನಕ್ಕೆ ಮರೆತುಹೋಗಿತ್ತು; ಹೂವು, ಹುಳುಗಳ ಫೋಟೋ ತೆಗೆಯುವವರೆಂದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವುಗಳಲ್ಲೆಲ್ಲ ಹೆಸರಾದದ್ದು ಏರೋಪ್ಲೇನ್ ಚಿಟ್ಟೆಯ ಚಿತ್ರ. ಜೊಂಡಿನ ತುದಿಯಲ್ಲಿ ಕೂತ ಚಿಟ್ಟೆ, ಅದರ ರೆಕ್ಕೆ ಕಣ್ಣುಗಳ ತುಂಬ ಇಬ್ಬನಿ. ಅದಕ್ಕಾಗಿ ಅಕ್ಕ ಹದಿನೇಳು ಬೆಳಗು ಕೆರೆಯ ಅಂಚಿನ ಕೆಸರಿನಲ್ಲಿ ಕಾದಿದ್ದಳಂತೆ. ಈ ಕತೆಯನ್ನು ಅವಳ ಶಿಷ್ಯರು ತಮ್ಮ ಶಿಷ್ಯರಿಗೂ ಹೇಳಿದ್ದರು. ನಮ್ಮಮ್ಮನಂತೂ ನನ್ನ ಕೈಯಿಂದ ಹಾಲು ಉಕ್ಕಿದರೂ ಅದನ್ನೇ ತೆಗೆಯುತ್ತಿದ್ದಳು: "ಅವಳು ಹದಿನೇಳು ದಿನ ಕಾದಳು. ನಿನಗೆ ಒಂದು ಗಳಿಗೆ ನಿಲ್ಲೋಕಾಗಲ್ಲ."

ನಾನು ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು, ನಿವೃತ್ತಿಯಾದ ಮೇಲೆ ಒಂದು ವರ್ಷ ಬರೀ ಮಲಗಬೇಕೆಂದು ಆಸೆಪಟ್ಟಿದ್ದೆ. ಆ ವರ್ಷವೇ ಅಕ್ಕನಿಗೆ ನಡುಕ ಶುರುವಾಯಿತು. ಅವಳಿಗೂ ಮದುವೆಯಿಲ್ಲ, ನನಗೂ ಇಲ್ಲ. ಒಂದು ತಿಂಗಳಿಗೆಂದು ಅವಳ ಮನೆಗೆ ಹೋದವಳು ನಾಲ್ಕು ವರ್ಷ ಉಳಿದೆ. ರಾತ್ರಿ ಅವಳ ಮೈ ಕೊರಡಿನಂತೆ ಬಿಗಿದುಕೊಳ್ಳುತ್ತಿತ್ತು; ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಬೇಕಾಗಿತ್ತು. ಹಗಲಾದರೆ ಅವಳ ಕ್ಯಾಮೆರಾ. ತಾನು ಹಿಡಿಯಲಾರದ್ದನ್ನು ನನ್ನ ಕೈಯಲ್ಲಿ ಹಿಡಿಸಿ, ಕುರ್ಚಿಯಲ್ಲಿ ಕೂತು ಹೇಳುತ್ತಿದ್ದಳು: "ಸ್ವಲ್ಪ ಎಡಕ್ಕೆ. ಎಡಕ್ಕೆ ಅಂದ್ನಲ್ಲೇ. ಜೇಡದ ಮೇಲೆ ನಿನ್ನ ನೆರಳು ಬೀಳ್ತಿದೆ ನೋಡು." ನಾನು ಸರಿಯುತ್ತಿದ್ದೆ. ಸಿಟ್ಟು ಬರುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅದು ನನ್ನಲ್ಲಿ ಉಳಿದಿರಲಿಲ್ಲ.

ಹಾಗಿರುವಾಗ ಒಂದು ದಿನ ಪದ್ಮರಾಜಯ್ಯ ಬಂದರು. ಅಕ್ಕನ ಹಳೆಯ ವಿದ್ಯಾರ್ಥಿ. ಊರಿನ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವರು. ಅಲ್ಲಿ ಮಕ್ಕಳಿಗಾಗಿ ಒಂದು ಹಾಲ್ ತೆರೆಯುವವರಿದ್ದರು. ಒಂದು ಗೋಡೆಯ ತುಂಬ ಅಕ್ಕನ ಫೋಟೋಗಳು, ಬಾಗಿಲ ಎದುರಿಗೇ ಏರೋಪ್ಲೇನ್ ಚಿಟ್ಟೆ.

"ಇನ್ನೊಂದು ಆಸೆ ಇದೆ ಮೇಡಂ," ಎಂದರು. "ಮೊಗ್ಗು ಹೂವಾಗೋದನ್ನ ಮಕ್ಕಳು ಕಣ್ಣಾರೆ ನೋಡೋ ಹಾಗೆ ಒಂದು ಸಣ್ಣ ಫಿಲ್ಮು. ತಾವು ಮನಸ್ಸು ಮಾಡಿದ್ರೆ."

ಅಕ್ಕ ಟವಲಿನಡಿಯ ಕೈಗಳನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡು, "ಆಗುತ್ತೆ. ಇವಳಿದ್ದಾಳಲ್ಲ," ಎಂದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಹಿತ್ತಲ ಬೇಲಿಗೆ ಕೃಷ್ಣಕಮಲದ ಬಳ್ಳಿ ಹಬ್ಬಿತ್ತು. ಅದರ ಹೂವು ಬೆಳಗಿನ ಹೊತ್ತು, ನೋಡನೋಡುತ್ತಲೇ ಬಿಚ್ಚಿಕೊಳ್ಳುತ್ತದೆ. ಸಂಜೆಗೆ ಮುಚ್ಚಿಕೊಂಡು ಮುಗಿದುಹೋಗುತ್ತದೆ. ಆದರೆ ಆ ಸಲ ಮುಳ್ಳುಮೈಯ ಕೆಂಪು ಹುಳುಗಳು ಬಳ್ಳಿಯನ್ನೆಲ್ಲ ತಿಂದುಹಾಕಿದ್ದವು. ತೆಗೆದು ಬಿಸಾಡುತ್ತೇನೆಂದರೆ ಅಕ್ಕ ಬಿಡಲಿಲ್ಲ. "ಅವೂ ಚಿಟ್ಟೆ ಆಗ್ಬೇಕಲ್ಲವೇನೇ," ಎಂದಳು. ಕೊನೆಗೆ ಉಳಿದದ್ದು ಒಂದೇ ಮೊಗ್ಗು. ಅಕ್ಕನ ಹಳೆಯ ಸಿನಿಮಾ ಕ್ಯಾಮೆರಾಕ್ಕೆ ಉಳಿದಿದ್ದ ಫಿಲ್ಮ್ ರೀಲೂ ಒಂದೇ. ಆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಅದರ ಕೇಬಲಿನ ಗುಂಡಿ ಒತ್ತಿದರೆ ಒಂದು ಚಿತ್ರ ದಾಖಲಾಗುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ ಹಾಗೆ ಒತ್ತುತ್ತ ಹೋದರೆ, ಓಡಿಸಿ ನೋಡುವಾಗ ಇಡೀ ಬೆಳಗು ಒಂದು ನಿಮಿಷದೊಳಗೆ ಅರಳಿಬಿಡುತ್ತದೆ. ಒತ್ತುವ ಕೆಲಸ ನನ್ನದು.

ಆ ದಿನ ಆರು ಗಂಟೆಗೆ ಸ್ಟೂಲಿನ ಮೇಲೆ ಕೂತೆ. ಹಿಂದಿನ ರಾತ್ರಿ ಅಕ್ಕನಿಗೆ ತೀರಾ ಸಂಕಟವಾಗಿ ನಾನು ಕಣ್ಣು ಮುಚ್ಚಿರಲಿಲ್ಲ. ಬೆಳಗಿನ ಮಾತ್ರೆ ನುಂಗಿ ಅವಳು ಒಳಗೆ ನಿದ್ದೆಹೋದಳು. ನಾನು ವಾಚು ನೋಡುವುದು, ಒತ್ತುವುದು. ನೋಡುವುದು, ಒತ್ತುವುದು. ಏಳಾಯಿತು, ಎಂಟಾಯಿತು. ಮೊಗ್ಗು ಬರೀ ದಪ್ಪಗಾಗುತ್ತಿತ್ತು. ಒಂಬತ್ತರ ಬಿಸಿಲು ಬೆನ್ನಿಗೆ ಹಿತವಾಗಿ ತಾಗಿತು. ಆಸ್ಪತ್ರೆಯಲ್ಲಿ ಜ್ವರದ ಪಟ್ಟಿ ಬರೆಯುತ್ತ ಕೂತ ರಾತ್ರಿಗಳೆಲ್ಲ ನೆನಪಾದವು. ಅಲ್ಲಾದರೆ ಬೆಳಗ್ಗೆ ಕೆಲಸ ಬಿಟ್ಟುಕೊಡಲು ಇನ್ನೊಬ್ಬಳು ಬರುತ್ತಿದ್ದಳು. ವಾಚಿನಲ್ಲಿ ಒಂಬತ್ತು ನಲವತ್ತಾದದ್ದನ್ನು ನೋಡಿದ್ದು ನೆನಪಿದೆ.

ಗುಂಯ್ ಎಂಬ ಸದ್ದಿಗೆ ಎಚ್ಚರವಾಯಿತು. ಕರಿದುಂಬಿಯೊಂದು ನನ್ನ ಮುಖದ ಪಕ್ಕದಲ್ಲೇ ಹಾದು ಹೂವಿನ ಮೇಲೆ ಇಳಿಯಿತು. ಹೂವು ಪೂರ್ತಿ ಅರಳಿತ್ತು. ನೇರಳೆ ಎಳೆಗಳೆಲ್ಲ ಬಿಚ್ಚಿಕೊಂಡು ತಟ್ಟೆಯಗಲ ಹರಡಿದ್ದವು. ಹತ್ತು ಗಂಟೆ ಇಪ್ಪತ್ತು ನಿಮಿಷ.

ಏನು ಮಾಡುವುದೆಂದು ತೋಚದೆ ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಹನ್ನೆರಡರವರೆಗೂ ಬಿಡದೆ ಒತ್ತಿದೆ. ಒಂದು ಸಲವೂ ತೂಕಡಿಕೆ ಬರಲಿಲ್ಲ.

"ಬಂತಾ?" ಅಕ್ಕ ಒಳಗಿನಿಂದ ಕೂಗಿದಳು.

"ಬಂತು. ಎಲ್ಲಾ ಬಂತು," ಎಂದೆ.

ರೀಲನ್ನು ತೊಳೆದು ಚಿತ್ರ ಮೂಡಿಸಲು ದೊಡ್ಡ ಊರಿಗೆ ಕಳಿಸಿದೆವು. ಅದು ವಾಪಸು ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಅಕ್ಕ ನನ್ನನ್ನು ಹಿಂದೆಂದೂ ಹೊಗಳದಷ್ಟು ಹೊಗಳಿದಳು. ಹಾಲು ತರುವವಳ ಹತ್ತಿರವೂ, "ಆರು ಗಂಟೆ ಕೂತಲ್ಲಿಂದ ಅಲ್ಲಾಡಲಿಲ್ಲ ನನ್ನ ತಂಗಿ," ಎಂದಳು. ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ! ಪ್ರತಿ ಸಲವೂ ಅವಳು ಮಾತ್ರೆ ಹಾಕಲು ಬಂದೆನೆಂದುಕೊಂಡು ತಾನೂ ಬಾಯಿ ತೆರೆಯುತ್ತಿದ್ದಳು.

ರೀಲು ಬಂದ ಮಧ್ಯಾಹ್ನವೇ ನಡುಮನೆಯ ಬಾಗಿಲುಗಳನ್ನು ಮುಚ್ಚಿ, ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು ಬಿಟ್ಟೆ. ಮೊಗ್ಗು ಕಾಣಿಸಿತು. ನಿಧಾನವಾಗಿ ಉಬ್ಬಿತು, ತುಸು ಬಾಗಿತು, ತುದಿಯಲ್ಲಿ ಬಿಳಿ ಗೆರೆಯೊಂದು ಸೀಳಿತು. ಮರುಕ್ಷಣ ಪಟ್ಟನೆ ಇಡೀ ಹೂವು, ಅದರ ಮೇಲೊಂದು ದುಂಬಿ. ಆಮೇಲೆ ಬರೀ ಹೂವು. ಮುಗಿಯಿತು.

ಅಕ್ಕ, "ಇನ್ನೊಂದ್ಸಲ ಹಾಕು," ಎಂದಳು. ಹಾಕಿದೆ. "ಇನ್ನೊಂದ್ಸಲ." ಮೂರನೆಯ ಸಲ ಮುಗಿದಾಗ, "ಎಷ್ಟು ಹೊತ್ತು ಮಲಗಿದ್ದೆ?" ಎಂದು ಕೇಳಿದಳು.

"ನಲವತ್ತು ನಿಮಿಷ."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ನನಗೇ ತಡೆಯಲಾಗದೆ ಅಳು ಬಂತು. "ನನ್ನ ಕೈಲಿ ಆಗಲ್ಲ ಕಣೇ ಅಕ್ಕ. ಸಾಕಾಗಿಹೋಗಿದೆ. ಹದಿನೇಳು ದಿನ ಕಾದವಳು ನೀನು. ನಾನು ನೀನಲ್ಲ."

ಪ್ರೊಜೆಕ್ಟರಿನ ಬೆಳಕು ಖಾಲಿ ಗೋಡೆಯ ಮೇಲೆ ಹಾಗೆಯೇ ಬಿದ್ದಿತ್ತು. ಅಕ್ಕ ಮಡಿಲಿನಿಂದ ಟವಲನ್ನು ತೆಗೆದು ಪಕ್ಕಕ್ಕಿಟ್ಟಳು. ಕೈಗಳನ್ನು ಅಡಗಿಸಲು ನೋಡಲಿಲ್ಲ.

"ಒಂದ್ಸಲ ಆಸ್ಪತ್ರೆಯಿಂದ ಒಂದು ಸಿರಿಂಜು ತಂದುಕೊಡು ಅಂದಿದ್ದೆ. ನೆನಪಿದೆಯಾ?"

ನೆನಪಿತ್ತು. ಗಿಡಗಳಿಗೆ ಔಷಧಿ ಹಾಕಲಿಕ್ಕೆ ಅಂದಿದ್ದಳು.

"ಆ ಚಿಟ್ಟೆಯ ಮೇಲಿನ ಇಬ್ಬನಿ ಅದರದ್ದು," ಎಂದಳು ಅಕ್ಕ. "ಹದಿನಾರು ದಿನ ಕಾದದ್ದು ನಿಜ. ಹದಿನೇಳನೇ ದಿನ ಏಳೋಕೇ ಆಗಲಿಲ್ಲ ನನಗೆ. ಸಂಜೆ ಹೋಗಿ ಬಲೆ ಬೀಸಿ ಒಂದನ್ನ ಹಿಡಿದೆ. ಮಂಕಾದರೆ ಸುಮ್ಮನೆ ಕೂತಿರುತ್ತೆ ಅಂತ ಡಬ್ಬಿಗೆ ಹಾಕಿ ಐಸಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಸತ್ತಿತ್ತು. ಕಾಲಿಗೆ ಗೋಂದು ಹಚ್ಚಿ ಜೊಂಡಿಗೆ ಅಂಟಿಸಿದೆ. ಒಂದೊಂದೇ ಹನಿ ಇಟ್ಟೆ." ಮಡಿಲಿನ ಕೈಗಳನ್ನು ನೋಡಿಕೊಂಡು ಹೇಳಿದಳು. "ಆಗ ಕೈ ಒಂಚೂರೂ ನಡುಗಲಿಲ್ಲ."

ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಸಿಟ್ಟು ಬರಬೇಕಾಗಿತ್ತು. ಆ ಚಿತ್ರ ಬಂದಾಗಿನಿಂದ ಆ ತಾಳ್ಮೆಯ ತಕ್ಕಡಿಯಲ್ಲೇ ನನ್ನನ್ನು ತೂಗಿ ಹಗುರವೆಂದಿದ್ದರು. ಆದರೆ ಬಂದದ್ದು ಸಿಟ್ಟಲ್ಲ. ಬಹಳ ದೂರ ಹೊತ್ತುಕೊಂಡು ಬಂದ ಮೂಟೆ ನನ್ನದಲ್ಲವೇ ಅಲ್ಲ ಎಂದು ಗೊತ್ತಾದಾಗ ಆಗುವ ಬಳಲಿಕೆ.

"ಅಮ್ಮನಿಗಾದ್ರೂ ಹೇಳಬಹುದಿತ್ತು ನೀನು," ಎಂದೆ.

"ಹೇಳೋಕೆ ಹೋದೆ. ಅಷ್ಟರಲ್ಲಿ ಅಮ್ಮ ಬೀದಿಗೆಲ್ಲ ಹೇಳಿ ಬಂದಿದ್ದಳು."

ನನಗೆ ನಗು ಬಂತು. ನೋಡಿದರೆ ಅವಳೂ ನಗುತ್ತಿದ್ದಳು. ಕಣ್ಣಿನಲ್ಲಿ ನೀರಿತ್ತು; ಒರೆಸಿಕೊಳ್ಳಲು ಎತ್ತಿದ ಕೈ ಮುಖ ಮುಟ್ಟದೆ ಅತ್ತಿತ್ತ ಹೋಯಿತು. ನಾನೇ ಎದ್ದು ಒರೆಸಿದೆ.

ನಾಲ್ಕು ದಿನ ಬಿಟ್ಟು ಪದ್ಮರಾಜಯ್ಯ ಫೋಟೋಗಳನ್ನು ಒಯ್ಯಲು ಬಂದರು. ಅಕ್ಕ ಅವರನ್ನು ಕೂರಿಸಿ, ನನಗೆ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದಳು. ಅವರ ಕೈಯಲ್ಲಿದ್ದ ಕಾಫಿ ಆರಿಹೋಯಿತು.

"ಮೇಡಂ, ಅದನ್ನ ನೋಡಿಯೇ ನಾನು ಈ ಕೆಲಸಕ್ಕೆ ಸೇರಿದ್ದು," ಎಂದರು ಕೊನೆಗೆ. "ಮಕ್ಕಳಿಗೆ ಇದೆಲ್ಲ ಗೊತ್ತಾಗಲ್ಲ ಬಿಡಿ."

"ಗೊತ್ತಾಗಲಿ. ಹಾಕೋದಾದರೆ ಕೆಳಗೆ ಬರೆದು ಹಾಕಿ. ಇಲ್ಲದಿದ್ದರೆ ಬೇಡ."

ಅವರು ಬಹಳ ಹೊತ್ತು ಯೋಚಿಸಿ, ಏರೋಪ್ಲೇನ್ ಚಿಟ್ಟೆಯನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಕಟ್ಟಿಕೊಂಡರು. ಹೊರಡುವಾಗ ಎಂದಿನಂತೆ ಅಕ್ಕನ ಕಾಲಿಗೆ ಬಗ್ಗಲಿಲ್ಲ; ಬರೀ ಕೈಮುಗಿದರು. ಅಕ್ಕನಿಗೆ ಅದು ತಾಗಿತೆಂದು ನನಗೆ ಗೊತ್ತಾಯಿತು. ಆದರೂ, "ಈ ಫಿಲ್ಮನ್ನೂ ತಗೊಂಡು ಹೋಗಿ. ನಡುವೆ ನಲವತ್ತು ನಿಮಿಷ ಇಲ್ಲ. ಒತ್ತುತ್ತಿದ್ದವಳಿಗೆ ನಿದ್ದೆ ಬಂದಿತ್ತು. ಅದನ್ನೂ ಬರೆದೇ ಹಾಕಬೇಕು," ಎಂದಳು.

ಹಾಲ್ ತೆರೆದ ದಿನ ನಾವಿಬ್ಬರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆವು. ಬಾಗಿಲ ಎದುರಿನ ಜಾಗದಲ್ಲಿ ಜೇಡರ ಬಲೆಯ ಚಿತ್ರವಿತ್ತು. ಫಿಲ್ಮು ಓಡಿದಾಗ ಮೊಗ್ಗು ಪಟ್ಟನೆ ಹೂವಾದಲ್ಲಿ ಮಕ್ಕಳು ಹೋ ಎಂದು ನಕ್ಕರು. ಕೆಳಗಿನ ಚೀಟಿಯನ್ನು ಓದಿದ ಒಬ್ಬ ಹುಡುಗಿ ತನ್ನ ಟೀಚರನ್ನು ಗಟ್ಟಿಯಾಗಿ ಕೇಳಿದಳು: "ಮಿಸ್, ಅವರಿಗೆ ಯಾಕೆ ಅಷ್ಟು ನಿದ್ದೆ ಬಂದಿತ್ತು?" ನನ್ನನ್ನು ಆವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಅಕ್ಕ ನನ್ನತ್ತ ತಿರುಗಿ ನೋಡಿದಳು.

ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ನನ್ನ ಕೋಣೆಯಲ್ಲಿ ಅಡ್ಡಾದೆ. ಒಂದು ಗಳಿಗೆಗೆಂದು. ಎಚ್ಚರವಾದಾಗ ಕೋಣೆಯ ತುಂಬ ಎಲ್ಲೂ ಕಂಡಿರದ ಒಂದು ಮಂದ ಬೆಳಕು ತುಂಬಿತ್ತು. ಮರುದಿನ ಮಧ್ಯಾಹ್ನವಾಗಿತ್ತು. ರಾತ್ರಿ ಅಕ್ಕ ನನ್ನನ್ನು ಒಮ್ಮೆಯೂ ಎಬ್ಬಿಸಿರಲಿಲ್ಲ. ಬಿಸಿಲು ಬೀಳುವ ಎರಡು ಕಿಟಕಿಗಳಿಗೂ ಅಕ್ಕ ತನ್ನ ಹಳೆಯ ಸೀರೆಗಳನ್ನು ತಂದು ಸರಳುಗಳಿಗೆ ಕಟ್ಟಿದ್ದಳು. ಹಸಿರೊಂದು, ಕುಂಕುಮ ಬಣ್ಣದ್ದೊಂದು. ಗಂಟುಗಳು ಒಂದೂ ನೆಟ್ಟಗಿರಲಿಲ್ಲ. ಕೆಲವು ಅರ್ಧಕ್ಕೇ ಬಿಚ್ಚಿದ್ದವು. ಎಷ್ಟು ಹೊತ್ತು ನಿಂತು ಕಟ್ಟಿದ್ದಳೋ. ಹೊರಗಿನ ಗಾಳಿಗೆ ಆ ಸೀರೆಗಳು ಒಳಕ್ಕೆ ಉಬ್ಬಿ ಮತ್ತೆ ಸರಳಿಗೆ ಒರಗುತ್ತಿದ್ದವು, ಮಲಗಿದವರ ಉಸಿರಿನಷ್ಟೇ ನಿಧಾನವಾಗಿ.